ಹೂಗ್ಯಂ ಕಾಡಿನ ಪರದೆ

ನಾಟಕದಲ್ಲಿ ಪಾರ್ಟು ಮಾಡುವವನಿಗೆ ಪರದೆ ಕಾಣಿಸುವುದಿಲ್ಲ. ಅದು ಅವನ ಬೆನ್ನ ಹಿಂದೆ ಇರುತ್ತದೆ. ಜನ ಅರಮನೆ ನೋಡುತ್ತಾರೆ, ಕಾಡು ನೋಡುತ್ತಾರೆ. ನಾವು ಜನರನ್ನು ನೋಡುತ್ತೇವೆ, ಅದರಲ್ಲೂ ಮುಂದಿನ ಕುರ್ಚಿಯಲ್ಲಿ ಯಾರು ಆಕಳಿಸುತ್ತಿದ್ದಾರೆ ಎಂಬುದನ್ನು. ನಾಲ್ಕು ವರ್ಷ ನಾನು ಒಬ್ಬ ಪೇಂಟರು ಬರೆದ ಪರದೆಗಳ ಮುಂದೆ ರಾಜನಾಗಿ ನಿಂತವನು. ಅಷ್ಟರಲ್ಲಿ ಒಂದೇ ಒಂದು ಸಲ ಹಿಂತಿರುಗಿ ನೋಡಿದೆ. ಆ ಒಂದು ಸಲದ ವಿಷಯ ಬಿಟ್ಟು ಅವರ ವಿಷಯ ಬರೆಯಲು ನನ್ನಿಂದ ಆಗುವುದಿಲ್ಲ.

ಅವರು ಹೋದ ತಿಂಗಳು ತೀರಿಕೊಂಡರು. ಸುದ್ದಿ ಹೇಳಿದವನು ಸತ್ತೇಗಾಲದ ಬಸ್ಸಿನ ಕಂಡಕ್ಟರು. ಕೊಳ್ಳೇಗಾಲದ ಬಸ್‌ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು, "ನಿಮ್ಮ ಕಂಪ್ನಿ ಪೇಂಟ್ರು ಓಗ್ಬುಟ್ರು ಕಣ್ರಿ ಸಾ. ನಾಡ್ದು ಗಣಾರಾಧನೆ ಮಡಗವ್ರೆ" ಎಂದು ಹೇಳಿ ಸೀಟಿ ಊದಿಕೊಂಡು ಹೊರಟುಹೋದ. ಹೆಸರು ಹೇಳಲಿಲ್ಲ. ಕಂಪೆನಿಯಲ್ಲೂ ಅವರನ್ನು ಯಾರೂ ಹೆಸರಿಟ್ಟು ಕರೆಯುತ್ತಿರಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಪೇಂಟರು ಎಂದರೆ ಅವರೊಬ್ಬರೇ. ನನ್ನ ಪಾಡೂ ಅದೇ, ಎಲ್ಲರ ಬಾಯಲ್ಲೂ ನಾನು ರಾಜ. ಆಗ ನನಗೆ ಮೂವತ್ತು ವರ್ಷ. ನನ್ನದು ಕಂಚಿನ ಕಂಠ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಪೇಂಟರಿಗೆ ನನಗಿಂತ ಹತ್ತು ವರ್ಷ ಹೆಚ್ಚು.

ಅವರು ಸತ್ತೇಗಾಲದ ಅನುಕೂಲಸ್ಥ ಬೇಸಾಯಗಾರರ ಮನೆಯ ಕಿರಿಯ ಮಗ. ಅಣ್ಣ ಗದ್ದೆ, ತೆಂಗಿನ ತೋಟ ನೋಡಿಕೊಂಡು ಊರಿನಲ್ಲಿ ಉಳಿದರು. ಇವರು ಮದುರೆಗೆ ಓಡಿಹೋಗಿ ಅಲ್ಲಿ ಪರದೆ ಬರೆಯುವವನೊಬ್ಬನ ಹತ್ತಿರ ಆರು ವರ್ಷ ಬಣ್ಣ ಅರೆದು ಬಂದರು. ಸಿಟ್ಟು ಬಂದರೆ ತಮಿಳಿನಲ್ಲಿ ಬೈಯುತ್ತಿದ್ದರು; ಬೈಸಿಕೊಂಡವನಿಗೆ ಅರ್ಥವಾಗಲಿಲ್ಲವೆಂದರೆ ಸಮಾಧಾನದಿಂದ ಕನ್ನಡದಲ್ಲಿ ವಿವರಿಸುತ್ತಿದ್ದರು.

ಪರದೆಯನ್ನು ತೂಗುಹಾಕಿ ಬರೆಯುತ್ತಾರೆಂದು ಜನ ತಿಳಿದಿದ್ದಾರೆ. ನಮ್ಮ ಪೇಂಟರು ಬಟ್ಟೆಯನ್ನು ನೆಲಕ್ಕೆ ಹಾಸಿ, ಅದರ ಮೇಲೇ ಓಡಾಡುತ್ತ, ಉದ್ದ ಕೋಲಿಗೆ ಕಟ್ಟಿದ ಕುಂಚದಿಂದ ಬರೆಯುತ್ತಿದ್ದರು. ಹಸಿ ಬಣ್ಣ ತುಳಿಯದಂತೆ ಕಾಲೆತ್ತಿ ಕಾಲಿಡಬೇಕು. ಇಪ್ಪತ್ತು ವರ್ಷ ಹೀಗೆ ನಡೆದದ್ದು ಮೈಗೆ ಹತ್ತಿಹೋಗಿತ್ತು. ಕೊಳ್ಳೇಗಾಲದ ಪೇಟೆ ಬೀದಿಯಲ್ಲಿ ಎಲ್ಲರೂ ಸರಸರ ಹೋಗುತ್ತಿದ್ದರೆ ಇವರು ಮಾತ್ರ ನೆಲ ನೋಡಿ, ಕಾಲೆತ್ತಿ, ಜಾಗ ಆರಿಸಿ ಇಡುತ್ತಿದ್ದರು. ರೇಷ್ಮೆ ಅಂಗಡಿಯವರು ಇವರಿಗೆ ಮಡಿ ಜಾಸ್ತಿ ಎಂದು ತಿಳಿದಿದ್ದರು. ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ. ಬಣ್ಣಕ್ಕೆ ಬೆರೆಸುವ ಅಂಟನ್ನು ಒಂದು ದಿನ ಅಡುಗೆಯವನ ಹುಳಿ ಪಾತ್ರೆಯಲ್ಲೇ ಕಾಯಿಸಿ, ತೊಳೆದಿಟ್ಟಿದ್ದೇನೆ ಎಂದು ಸುಳ್ಳು ಹೇಳಿ, ಇಡೀ ಕಂಪೆನಿಗೆ ಎರಡು ದಿನ ಹೊಟ್ಟೆ ಹಿಡಿಸಿದ ಮನುಷ್ಯ.

ಕಂಪೆನಿಗೆ ಐದು ಪರದೆ. ಅರಮನೆ, ಬೀದಿ, ಕಾಡು, ಉದ್ಯಾನ, ಸೆರೆಮನೆ. ಕಾಡು ಎಂದರೆ ಎಡಗಡೆ ಒಂದು ಝರಿ, ಬಲಗಡೆ ಎರಡು ಜಿಂಕೆ, ನಡುವೆ ಕೆಲವು ಮರ, ಒಂದರ ಮೇಲೆ ಗಿಣಿ, ಕೆಳಗೆ ತಾವರೆಕೊಳದಲ್ಲಿ ಹಂಸ. ಮದುರೆಯ ಗುರು ಯಾವುದೋ ಕ್ಯಾಲೆಂಡರಿನಿಂದ ಇಳಿಸಿಕೊಂಡದ್ದನ್ನು ಇವರು ಮೂವತ್ತು ಸಲವಾದರೂ ಬರೆದಿದ್ದರು. "ಕಣ್ಣು ಮುಚ್ಕಂಡು ಬರಿತೀನಿ ಕಣಪ್ಪ" ಎನ್ನುತ್ತಿದ್ದರು. ಹೌದೇ ಎಂದು ನಾವು ಒಂದು ಸಲ ನನ್ನ ರಾಜವಸ್ತ್ರದ ಸೊಂಟಪಟ್ಟಿಯಿಂದ ಅವರ ಕಣ್ಣು ಕಟ್ಟಿದೆವು. ಕಟ್ಟಿದ ಕಣ್ಣಲ್ಲೇ ಜಿಂಕೆ ಬರೆದರು. ಕಿವಿ, ಕೊಂಬು, ಚುಕ್ಕೆ ಎಲ್ಲ ಇದ್ದಲ್ಲೇ ಇದ್ದವು. ನಾವು ಚಪ್ಪಾಳೆ ತಟ್ಟಿದೆವು, ಅವರು ಮೀಸೆ ತಿರುವಿದರು.

ಆ ಪರದೆಯ ಮೇಲೆ ಅವರಿಗೆ ಎಂಥ ಮರ್ಯಾದೆ ಇತ್ತೆಂಬುದಕ್ಕೆ ಇನ್ನೊಂದು ಹೇಳುತ್ತೇನೆ. ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲು. ನಮ್ಮ ಯಳಂದೂರು ಮೈಸೂರಿಗೆ ಸೇರಿದ್ದು, ಕೊಳ್ಳೇಗಾಲ ಮದ್ರಾಸಿಗೆ. ಅತ್ತಲ ಬಟ್ಟೆ ಇತ್ತ ಬರಬೇಕಾದರೆ ಪರ್ಮಿಟ್ಟು ಬೇಕು. ಯಳಂದೂರಿನ ಕ್ಯಾಂಪು ಮುಗಿಸಿ ಗಾಡಿಯಲ್ಲಿ ಬರುತ್ತಿದ್ದಾಗ ಗಡಿ ಚೌಕಿಯ ಪೊಲೀಸಿನವನು ಕಾಡಿನ ಪರದೆಯ ಸುರುಳಿ ತಟ್ಟಿ ನೋಡಿ, ಇಷ್ಟೊಂದು ಬಟ್ಟೆ ಸಾಗಿಸುತ್ತಿದ್ದೀರಾ, ಬಿಚ್ಚಿ ಎಂದ. ರಸ್ತೆಯ ಮೇಲೇ ಬಿಚ್ಚಿದೆವು. ಅವನು ಅದರ ಮೇಲೆ ಹೇಗೆ ಕಾಲಿಡಲಿ ಎಂದು ಅಂಚಿನಲ್ಲಿ ನಿಂತ. ಪೇಂಟರು, "ನಡೀರಿ ಸಾ, ನೀರಿಲ್ಲ, ಬೂಟು ನೆನೆಯಾಕಿಲ್ಲ" ಎಂದರು. ಅವನು ಬೂಟುಗಾಲಿನಲ್ಲೇ ಝರಿ ದಾಟಿ, ಹಂಸ ತುಳಿದು, ಆ ತುದಿಯವರೆಗೂ ಹೋಗಿ ಪರೀಕ್ಷೆ ಮಾಡಿ ಬಿಟ್ಟುಕಳಿಸಿದ. ನಾವು ದಾರಿಯುದ್ದಕ್ಕೂ ನಕ್ಕೆವು, ಅವರೂ ನಕ್ಕರು.

ಅವರ ನಗು ನಿಂತದ್ದು ಹನೂರಿನಲ್ಲಿ.

ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವವರು ಹನೂರಿನಲ್ಲಿ ತಂಗುತ್ತಾರೆಂದು ಶಿವರಾತ್ರಿಯ ಮುಂಚೆ ಅಲ್ಲಿ ಡೇರೆ ಹಾಕಿದ್ದೆವು. ನಾಟಕದಲ್ಲಿ ರಾಜ ಬೇಟೆಗೆ ಹೋಗಿ ಕಾಡಿನಲ್ಲಿ ದಾರಿ ತಪ್ಪುತ್ತಾನೆ. ತಪ್ಪಿ, ಅತ್ತ ಹೋಗಿ ಇತ್ತ ಬಂದು, ಒಂದು ಹಾಡು ಹಾಡುತ್ತಾನೆ. ಅದು ನನ್ನ ಹೆಸರು ಮಾಡಿದ ಹಾಡು. ಒಂದು ಆಟದ ಮರುದಿನ ಬೆಳಗ್ಗೆ ಡೇರೆಯ ಮುಂದೆ ಹೂಗ್ಯಂ ಹಳ್ಳಿಯ ಒಬ್ಬ ವಯಸ್ಸಾದ ಗೌಡರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಹೊಗಳಿಕೆ ಸಿಗಬಹುದೆಂದು ನಾನು ಪೇಂಟರ ಜೊತೆಗೆ ಅವರ ಹತ್ತಿರ ಹೋಗಿ, ನಾಟಕ ಹೇಗಿತ್ತು ಎಂದು ಕೇಳಿದೆ.

"ಚೆಂದಾಗಿತ್ತು ಸಾ. ಆದ್ರೆ ಆ ರಾಜ ದಾರಿ ಯಾಕ್ ತಪ್ದ?"

"ಕಾಡಲ್ವಾ ಗೌಡ್ರೇ" ಎಂದೆ.

"ಅದ್ರೊಳಗೆ ಯಾವನ್ ದಾರಿ ತಪ್ಪಾನು? ಮರ ಇರಾದೇ ಏಳು. ನಾ ಎಣಿಸ್ದಿ. ನೀರು ಒಂದ್ಕಡೆ ಅದೆ, ಮಿಗ ಒಂದ್ಕಡೆ ಅದೆ. ಕುರುಡ್ನೂ ಮನೆ ಸೇರ್ಕತನೆ. ನಮ್ಮೂರ್ ಕಾಡ್ಗೆ ಬಂದು ನೋಡಿ ಸಾ. ಉಟ್ದಾಗ್ನಿಂದ ಅಲ್ಲೇ ಇವ್ನಿ, ನಂಗೇ ಎಷ್ಟೊ ದಪ ತಪ್ಪದೆ."

ನಾನು ನಕ್ಕುಬಿಟ್ಟೆ. ಪೇಂಟರು ನಗಲಿಲ್ಲ. ಕಾಲೆತ್ತಿ ಕಾಲಿಡುತ್ತ ಡೇರೆಯೊಳಗೆ ಹೋಗಿ, ಕಟ್ಟಿದ್ದ ಕಾಡಿನ ಮುಂದೆ ಬಹಳ ಹೊತ್ತು ನಿಂತರು. ಮರ ಎಣಿಸುತ್ತಿದ್ದರು. ಹೊರಗೆ ಬಂದು ನನಗೆ ಹೇಳಿದರು, "ಏಳೇ ಅವೆ ಕಣೋ."

ಅದೇ ವಾರ ಕಂಪೆನಿಯ ಯಜಮಾನರ ತಾಯಿ ತೀರಿಹೋಗಿ ಕಂಪೆನಿಗೆ ಒಂದು ತಿಂಗಳು ಬಿಡುವು ಸಿಕ್ಕಿತು. ಎಲ್ಲರೂ ತಮ್ಮ ತಮ್ಮ ಊರಿಗೆ ಹೋದರು. ಪೇಂಟರು ಆ ಗೌಡರ ಬೆನ್ನು ಹತ್ತಿ ಹೂಗ್ಯಂಗೆ ಹೋದರು. ಎರಡು ವಾರ ಕಳೆದ ಮೇಲೆ, ಮನೆಯಲ್ಲಿ ಕೂತು ಬೇಸರವಾಗಿ, ಅವರಿಗೆ ಹುಚ್ಚು ಎಷ್ಟು ಹಿಡಿದಿದೆ ನೋಡಿಬರೋಣ ಎಂದು ನಾನೂ ಹೋದೆ. ಎಂಟು ದಿನ ಅವರ ಜೊತೆ ಇದ್ದೆ.

ಗೌಡರ ಜಗಲಿಯಲ್ಲಿ ಮಲಗುವುದು. ಬೆಳಗ್ಗೆ ರಾಗಿ ಗಂಜಿ ಕುಡಿದು ಕಾಡಿನ ಅಂಚಿಗೆ ಹೋಗುವುದು. ಕಾಗದಕ್ಕೂ ಬರಗಾಲವಾದ್ದರಿಂದ ಕಂಪೆನಿಯ ಹಳೆಯ ವಾಲ್‌ಪೋಸ್ಟುಗಳನ್ನು ಕಟ್ಟು ಕಟ್ಟಿಕೊಂಡು ಬಂದಿದ್ದರು. ಈ ಕಡೆ ನನ್ನ ಮುಖ, ಆ ಕಡೆ ಕಾಡು. ತೆಂಗಿನ ಕರಟಗಳಲ್ಲಿ ಬಣ್ಣ. ಬಿಸಿಲಿಗೆ ಕರಗುವ ತಲೆಗೆ ಮಂತ್ರಿಪಾರ್ಟಿನ ಹಳೆಯ ಪೇಟ. ಅರಣ್ಯದ ಗಾರ್ಡು ಒಬ್ಬ ಬಂದು, ಗಂಧದ ಮರಗಳಿಗೆ ಗುರುತು ಹಾಕಿಕೊಳ್ಳಲು ಬಂದ ಕಳ್ಳನೆಂದು ಇವರನ್ನು ಹಿಡಿದುಕೊಂಡ. ಬರೆದದ್ದನ್ನು ತೋರಿಸಿದರು. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲಿ ಯಾವ್ದೂ ಮರ ಇಲ್ವಲ್ಲ, ಬಿಡು" ಎಂದು ಹೋದ. ಅವನು ಹೋದ ಮೇಲೆ ಪೇಂಟರು, "ಸರಿಯಾಗೇ ಏಳ್ದ" ಎಂದರು.

ಮೊದಲ ಹತ್ತು ದಿನ ಅವರು ಬರೆದದ್ದೆಲ್ಲ ಹಾಳು. ನನಗೆ ಆ ಹಾಳೆಗಳನ್ನು ತೋರಿಸಿದರು. ಎದುರಿಗೆ ಎಲೆಯುದುರಿದ ಬೂದಿಬಣ್ಣದ ಕಾಡು ನಿಂತಿದ್ದರೂ ಹಾಳೆಯ ಮೇಲೆ ಬಂದದ್ದು ಮದುರೆಯ ಹಸಿರು ಮರ. ಒಂದರಲ್ಲಿ ಗಿಣಿಯೂ ಇತ್ತು. "ಈ ಕೈ ಅದೆಯಲ್ಲ, ಕಣ್ಣಿನ್ ಮಾತು ಕೇಳಾಕಿಲ್ಲ. ತನಗೆ ಬಂದಿದ್ನೇ ಬರಿತದೆ" ಎಂದರು. "ಅವತ್ತು ಕಣ್ಣು ಕಟ್ಕಂಡು ಜಿಂಕೆ ಬರುದ್ನಲ್ಲ, ನೀವೆಲ್ಲಾ ಚಪ್ಪಾಳೆ ತಟ್ಟುದ್ರಲ್ಲ, ಅಲ್ಲೇ ನನ್ನ ಮಾನ ಓಗಿತ್ತು ಕಣೋ ರಾಜ. ಗೊತ್ತಾಗ್ಲಿಲ್ಲ." ತಮಾಷೆ ಮಾಡೋಣವೆಂದು ಹೋದವನಿಗೆ ನನಗೆ ಸಂಕಟವಾಯಿತು.

ಆಮೇಲೆ ನಿಧಾನವಾಗಿ ಬರತೊಡಗಿತು. ನೆರಳು ಕಪ್ಪಲ್ಲ, ಅದರೊಳಗೆ ನೀಲಿಯಿದೆ, ಕೆಂಪೂ ಇದೆ ಎಂದು ಕಂಡುಕೊಂಡರು. ನಡುಹಗಲಿನ ಬಿಸಿಲಿನಲ್ಲಿ ಬಣ್ಣವೆಲ್ಲ ಸತ್ತುಹೋಗುತ್ತದೆಂದು ಆಗ ಮಲಗಿಬಿಡುತ್ತಿದ್ದರು. ನಾಲ್ಕು ಗಂಟೆಗೆ ಎದ್ದು ಒಂದು ಗಂಟೆಯಷ್ಟು ಹೊತ್ತು ಮೈಮೇಲೆ ಬಂದವರ ಹಾಗೆ ಬರೆಯುತ್ತಿದ್ದರು. ಕಣ್ಣು ಅರ್ಧ ಮುಚ್ಚಿ ನೋಡುವುದನ್ನು ಕಲಿತರು. ಅರ್ಧ ಮುಚ್ಚಿದರೆ ಬೇಡದ್ದು ಹೋಗಿ ಬೇಕಾದದ್ದು ಉಳಿಯುತ್ತದಂತೆ. ಆಮೇಲೆ ಅದೇ ಅಭ್ಯಾಸವಾಗಿ ಮಾತಾಡುವ ಮನುಷ್ಯನನ್ನೂ ಹಾಗೇ ನೋಡಲು ಶುರುಮಾಡಿ, ಯಜಮಾನರೊಡನೆ ಎರಡು ಸಲ ಜಗಳವಾಯಿತು.

ಅವರಿಗೆ ಹಿಡಿದ ನಿಜವಾದ ಹಟ ಮಾತ್ರ ದೂರದ್ದು. ಹೂಗ್ಯಂನ ಆಚೆಗೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ನಾಲ್ಕನೆಯದು ಇದೆಯೋ ಇಲ್ಲವೋ ಎನ್ನುವಂತೆ. ಒಂದೇ ಅಂಗೈ ಅಗಲದ ಕಾಗದದಲ್ಲಿ ಹತ್ತಿರದ ಬಂಡೆಯೂ ಆ ನಾಲ್ಕನೆಯ ಬೆಟ್ಟವೂ ತಮ್ಮ ತಮ್ಮ ಜಾಗದಲ್ಲಿ ನಿಲ್ಲಬೇಕು. "ಅತ್ರದ್ದು ಯಾವನಾದ್ರೂ ಬರಿತಾನೆ. ದೂರ ಬರೀಬೇಕು. ದೂರ ಬಂದ್ರೆ ರಾಜ ತಾನಾಗೇ ದಾರಿ ತಪ್ತನೆ, ನೀನು ಆಡೋದೇ ಬ್ಯಾಡ" ಎನ್ನುತ್ತಿದ್ದರು. ನನ್ನ ಹಾಡಿನ ಮೇಲೆ ಕೈ ಇಟ್ಟದ್ದಕ್ಕೆ ಮೂಗಿನ ತುದಿಗೆ ಸಿಟ್ಟು ಬಂತು. ಆದರೆ ಒಂದು ಸಂಜೆ ಬಂಡೆಯ ಮೇಲೆ ಅವರ ಪಕ್ಕದಲ್ಲಿ ಕೂತು ಆ ಬೆಟ್ಟಗಳನ್ನು ನಾನೂ ಕಣ್ಣು ಅರ್ಧ ಮುಚ್ಚಿ ನೋಡಿದೆ. ಏನು ಕಂಡಿತೆಂದು ಹೇಳಲು ಬರುವುದಿಲ್ಲ. ಎದ್ದು ಬರಲು ಮನಸ್ಸಾಗಲಿಲ್ಲ.

ಹೊರಗೆ ಕೂತು ಬರೆಯುವುದರಿಂದ ಏನು ಸಿಕ್ಕಿತು ಎಂದು ಒಂದು ದಿನ ಕೇಳಿದೆ. ಅವರು ಕರಟ ತೊಳೆಯುತ್ತಾ ಹೇಳಿದರು: "ಒಳಗೆ ಕೂತ್ರೆ ಗೊತ್ತಿರಾದ್ನ ಬರಿತೀವಿ. ಆಚೆ ಕೂತ್ರೆ ಏನೂ ಗೊತ್ತಿಲ್ಲ ಅಂತ ಗೊತ್ತಾಯ್ತದೆ. ಇಪ್ಪತ್ತು ವರ್ಸ ಆದ್ಮೇಲೆ ಗೊತ್ತಾಯ್ತಲ್ಲಪ್ಪ, ಇನ್ನೆಷ್ಟು ವರ್ಸ ಅದೆಯೋ ಕಲಿಯಕ್ಕೆ."

ಕಂಪೆನಿ ಮತ್ತೆ ಸೇರಿದ್ದು ಕೊಳ್ಳೇಗಾಲದಲ್ಲಿ. ಪೇಂಟರು ಯಜಮಾನರ ಮುಂದೆ ನಿಂತು, ಹೊಸ ಕಾಡು ಬರೆಯುತ್ತೇನೆ ಎಂದರು. ಹೊಸ ಬಟ್ಟೆ ಎಲ್ಲಿಂದ ಬರಬೇಕು? ಕಂಟ್ರೋಲಿನ ಕಾಲದಲ್ಲಿ ಉಡಲು ಪಂಚೆ ಸಿಗುವುದೇ ಕಷ್ಟ. ಪರದೆಯ ಬಣ್ಣ ಅಂಟಿನ ಬಣ್ಣ, ಬಿಸಿನೀರಿಗೆ ಹಾಕಿದರೆ ಬಿಟ್ಟುಕೊಳ್ಳುತ್ತದೆ. ಇದ್ದ ಕಾಡನ್ನೇ ತೊಳೆದು ಅದೇ ಬಟ್ಟೆಯ ಮೇಲೆ ಹೊಸದು ಬರೆಯಬೇಕು. ಯಜಮಾನರು ಒಳ್ಳೆಯವರೇ, ಆದರೆ ಝರಿಯ ಮೇಲೆ ಅವರಿಗೆ ಪ್ರೀತಿ. ಬಹಳ ಯೋಚಿಸಿ, "ಆಗಲಿ. ಜನ ಒಪ್ಪದೆ ಹೋದರೆ ಇದನ್ನೂ ತೊಳೆದು ಝರಿ ತಂದುಕೊಡಬೇಕು. ಒಪ್ಪಿದರೆ ಐದು ಪರದೆಯನ್ನೂ ನೀವು ಹೇಳಿದ ಹಾಗೆ ಬರೆಸುತ್ತೇನೆ" ಎಂದರು. ಪೇಂಟರು ಎರಡು ಕೈಯಲ್ಲೂ ನಮಸ್ಕಾರ ಮಾಡಿದರು. ನಾನು ಅವರನ್ನು ಅಷ್ಟು ಖುಷಿಯಾಗಿ ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೆಯೂ ಕಾಣಲಿಲ್ಲ.

ಅಕ್ಕಿ ಮಿಲ್ಲಿನ ಹಿಂದೆ ಭತ್ತ ಒಣಗಿಸುವ ಕಣದಲ್ಲಿ ಬಟ್ಟೆ ಹಾಸಿ ಹದಿನೆಂಟು ದಿನ ಬರೆದರು. ಸುತ್ತ ತಡಿಕೆ ಕಟ್ಟಿಸಿ ಯಾರನ್ನೂ ಒಳಗೆ ಬಿಡಲಿಲ್ಲ. ಹೊಸ ಪರದೆಯನ್ನು ಪೂಜೆಯಾಗದೆ ಬಿಚ್ಚಬಾರದೆಂಬುದು ಕಂಪೆನಿಯ ನೇಮ. ನಾಟಕ ಶುರುವಾಗುವ ಮುಂಚೆ ಕಾಯಿ ಒಡೆದು ಮಂಗಳಾರತಿ ಎತ್ತಿದಾಗ ನಾನು ಬಣ್ಣದ ಮನೆಯಲ್ಲಿ ಮೀಸೆ ಅಂಟಿಸಿಕೊಳ್ಳುತ್ತಿದ್ದೆ. ಹಾಗಾಗಿ ನಾನು ಅದನ್ನು ನೋಡಲಿಲ್ಲ.

ಎರಡನೆಯ ಅಂಕ. ಬೇಟೆಯ ಸೀನು. ಎಡಗಡೆಯಿಂದ ಬಿಲ್ಲು ಹಿಡಿದು ಪ್ರವೇಶಿಸಿದೆ. "ಎತ್ತ ಹೋದರೂ ಕಾಡು" ಎಂದು ಮಾತು ಹೇಳಿ, ಎಂದಿನಂತೆ ಕೈ ಬೀಸಿ ಅರ್ಧ ಸುತ್ತು ತಿರುಗಬೇಕು. ತಿರುಗಿದೆ. ಅರ್ಧಕ್ಕೆ ನಿಲ್ಲಲಿಲ್ಲ.

ಅದು ಹೂಗ್ಯಂ. ನಾವು ಕೂತಿದ್ದ ಬಂಡೆ ಅಲ್ಲಿತ್ತು. ಅದರ ಪಕ್ಕದಿಂದ ಒಂದು ಜಾಡು ಹೊರಟು ಹತ್ತು ಮಾರಿಗೆ ಸುಟ್ಟ ಹುಲ್ಲಿನೊಳಗೆ ಮಾಯವಾಗಿತ್ತು. ಇನ್ನೊಂದು ಜಾಡು ಎಲ್ಲಿಂದ ಬಂದಿತೆಂದು ತಿಳಿಯುತ್ತಿರಲಿಲ್ಲ. ಎಲೆಯಿಲ್ಲದ ಮರಗಳ ಸಂದಿಯಲ್ಲಿ ಮತ್ತೆ ಮರ, ಮತ್ತೆ ಮರ, ಎಣಿಸುವವನ ಲೆಕ್ಕ ತಪ್ಪಲೇಬೇಕು. ನಾಲ್ಕು ಗಂಟೆಯ ಬಿಸಿಲು. ಅದರಾಚೆ ಬೆಟ್ಟ, ಬೆಟ್ಟ, ಬೆಟ್ಟ, ಕೊನೆಯದು ಇದೆಯೋ ಇಲ್ಲವೋ. ದೂರ ಬಂದಿತ್ತು. ಎಷ್ಟು ಬಂದಿತ್ತೆಂದರೆ ಗ್ಯಾಸ್‌ಲೈಟು, ಜನ, ಮೈಮೇಲಿನ ಜರತಾರಿ ಅಂಗಿ ಯಾವುದೂ ನನಗೆ ನೆನಪಿರಲಿಲ್ಲ. ಆ ಜಾಡಿನಲ್ಲಿ ಹೋದರೆ ಎಲ್ಲಿಗೆ ಹೋಗಬಹುದೆಂದು ನೋಡುತ್ತಾ ನಿಂತೆ.

ಹಾರ್ಮೋನಿಯಂ ಶ್ರುತಿ ಹಿಡಿದು ಕಾಯಿತು. ಅದೇ ಮಟ್ಟನ್ನು ಎರಡು ಸಲ, ಮೂರು ಸಲ ಬಾರಿಸಿದರು. ಪಕ್ಕದಿಂದ ಹಾಡಿನ ಮೊದಲ ಸಾಲನ್ನು ಯಾರೋ ಪಿಸುಗುಟ್ಟಿದರು. ನಾನು ಜನರಿಗೆ ಬೆನ್ನು ಹಾಕಿಕೊಂಡು ನಿಂತೇ ಇದ್ದೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ:

"ಏನ್ಲಾ ರಾಜ, ಬೈಲ್ಕಡೀಕೆ ಜಾಗ ನೋಡ್ತಿದ್ದೀಯಾ?"

ಇಡೀ ಥೇಟರು ಬಿದ್ದು ಬಿದ್ದು ನಕ್ಕಿತು. ತಿರುಗಿದೆ, ಹಾಡು ನೆನಪಾಗಲಿಲ್ಲ. ಬಾಯಿ ತೆರೆದರೆ ಮತ್ತೆ ನಗು. "ಇದು ನಮ್ಮನೆ ಇಂದ್ಲ ಕಾಡು ಕಣ್ರೋ! ಇದ್ನ ನೋಡಕೆ ಟಿಕೀಟು ಬೇರೆ!" ಎಂದು ಇನ್ನೊಬ್ಬ ಎದ್ದು ನಿಂತ. ಝರಿ ಎಲ್ಲಿ ಎಂದು ಕೇಳಿದವರು ಹಲವರು. ಆ ರಾತ್ರಿ ನಾಟಕ ಅರ್ಧಕ್ಕೇ ನಿಂತಿತು.

ಬೆಳಗ್ಗೆ ಯಜಮಾನರು ಎಲ್ಲರನ್ನೂ ಸೇರಿಸಿದರು. ಮುಖ ಊದಿತ್ತು. ಮೊದಲು ನನ್ನನ್ನೇ ಹಿಡಿದರು. "ಏನಾಯ್ತು ನಿನಗೆ? ಕುಡಿದಿದ್ದೆಯಾ?" ಎಂದರು. ಕೊಳ್ಳೇಗಾಲದಲ್ಲಿ ಪಾನನಿಷೇಧವಿದೆ ಎಂದು ನೆವ ಹೇಳುವಂತಿಲ್ಲ, ಯಳಂದೂರಿಗೆ ಹೋಗಿ ಕುಡಿದು ಬರುವ ದಾರಿ ಎಲ್ಲರಿಗೂ ಗೊತ್ತು. ನನ್ನ ಹಿಂದೆಯೇ ಸೇನಾಪತಿ ಪಾರ್ಟಿನವನು ನಿಂತಿದ್ದ. ಅವನಿಗೆ ನನ್ನ ಹಾಡುಗಳೆಲ್ಲ ಬಾಯಿಪಾಠ, ಎರಡು ವರ್ಷದಿಂದ ನನ್ನ ಕಿರೀಟದ ಮೇಲೆ ಕಣ್ಣು. ನಾನು ನಿಜ ಹೇಳಬಹುದಿತ್ತು. ಪರದೆ ನೋಡಿ ಮೈಮರೆತೆ, ಅಂಥದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ತಪ್ಪು ನನ್ನದು, ಇನ್ನೊಂದು ದಿನ ಇದನ್ನೇ ಕಟ್ಟಿ, ಹಾಡಿ ತೋರಿಸುತ್ತೇನೆ ಎನ್ನಬಹುದಿತ್ತು. ಯಜಮಾನರು ಒಪ್ಪುತ್ತಿದ್ದರೋ ಏನೋ. ನಾನು ಹೇಳಿದ್ದು ಇದು:

"ಪರದೆ ಸರಿಯಿಲ್ಲ ಯಜಮಾನ್ರೇ. ಅದನ್ನ ಕಂಡು ಗಾಬರಿಯಾಯ್ತು."

ಪೇಂಟರು ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಎದ್ದು ನನ್ನ ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ತಮಿಳಿನಲ್ಲಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ರಾಜ, ಜನ ನಗಾಡ್ಕಂಡು ನೋಡುದ್ರು. ಯಜಮಾನ್ರು ಕುರ್ಚಿ ಎಣಿಸ್ಕಂಡು ನೋಡುದ್ರು. ನಾನು ಪಕ್ದಲ್ಲೇ ನಿಂತಿದ್ದೆ, ನೀನೊಬ್ನೇ ಪೂರ್ತಿ ನೋಡ್ದೋನು. ಹೂಗ್ಯಂನಲ್ಲೂ ಕೂತಿದ್ದೋನು. ಏನು ತಪ್ಪಾಗದೆ ನೀನೇ ಏಳಪ್ಪ."

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಸೇನಾಪತಿಯೂ ನೋಡುತ್ತಿದ್ದ. ಏನಾದರೂ ಒಂದು ಹೇಳಲೇಬೇಕಾಗಿತ್ತು. ಇರುವ ಸುಳ್ಳುಗಳಲ್ಲೆಲ್ಲ ನನ್ನ ನಾಲಿಗೆಗೆ ಸಿಕ್ಕಿದ್ದು ಅದೊಂದೇ.

"ದೂರ ಬಂದಿಲ್ಲ ಪೇಂಟ್ರೇ. ಬೆಟ್ಟ ಎಲ್ಲಾ ಮೈಮೇಲೇ ಬಿದ್ದಂಗದೆ" ಎಂದೆ.

ಅವರು ಕಣ್ಣು ಅರ್ಧ ಮುಚ್ಚಿ ನನ್ನನ್ನು ನೋಡಿದರು. ನನಗೆ ಸಿಕ್ಕಿಬಿದ್ದೆ ಎನ್ನಿಸಿತು. ಆದರೆ ಅವರು ನಿಧಾನವಾಗಿ ತಲೆಯಾಡಿಸಿ, "ಊ. ಅಂಗಿರ್ಬೇಕು" ಎಂದರು. ಯಜಮಾನರ ಕಡೆ ತಿರುಗಿ, "ತೊಳೆದ್ಕೊಡ್ತೀನಿ ಸಾಮಿ" ಎಂದರು.

ಕೆರೆಯ ಸೋಪಾನದ ಮೇಲೆ ತಾವೇ ತೊಳೆದರು. ಸಹಾಯಕ್ಕೆ ಬಂದವರನ್ನು ಅಂಟು ಬಿಡಿಸುವುದು ನಿಮಗೆ ತಿಳಿಯುವುದಿಲ್ಲ ಎಂದು ಕಳಿಸಿಬಿಟ್ಟರು. ನಾನು ಏರಿಯ ಮೇಲೆ ಮರದ ಮರೆಯಲ್ಲಿ ನಿಂತು ನೋಡಿದೆ. ಹಂಡೆಯಲ್ಲಿ ನೀರು ಕಾಯಿಸಿ ಸುರಿದು, ಬಟ್ಟೆಯ ಮೇಲೆ ನಿಂತು ತುಳಿಯುತ್ತಿದ್ದರು. 'ನಿಲ್ಲಿಸಿ, ನಾನು ಸುಳ್ಳು ಹೇಳಿದೆ' ಎಂದು ಕೂಗಲು ಎಷ್ಟು ಹೊತ್ತು ಬೇಕು? ಬಣ್ಣ ಬಿಡುವುದಕ್ಕೆ ಮಧ್ಯಾಹ್ನದವರೆಗೂ ಹಿಡಿಯಿತು. ಅಷ್ಟು ಹೊತ್ತೂ ನಾನು ಅಲ್ಲೇ ಇದ್ದೆ, ಕೂಗಲಿಲ್ಲ. ಬಟ್ಟೆ ಬೆಳ್ಳಗಾದ ಮೇಲೆ ಹಿಂಡಿ ಕಲ್ಲಿನ ಮೇಲೆ ಹರವಿ, ಪಂಚೆಯಿಂದ ಕಾಲು ಒರೆಸಿಕೊಂಡು ಕೂತರು.

ಝರಿಯನ್ನು ಮೂರೇ ದಿನದಲ್ಲಿ ಬರೆದುಕೊಟ್ಟರು. ಮೊದಲಿಗಿಂತ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು. ಜನ ಚಪ್ಪಾಳೆ ತಟ್ಟಿದರು, ನನ್ನ ಹಾಡಿಗೆ ಒನ್ಸ್‌ಮೋರ್ ಬಂತು. ಅವರು ಮತ್ತೆ ಕಾಗದದ ಕಟ್ಟು ಹಿಡಿದು ಹೊರಗೆ ಹೋದದ್ದನ್ನು ನಾನು ಕಾಣಲಿಲ್ಲ. ನನ್ನ ಜೊತೆ ಮೊದಲಿನಂತೆಯೇ ಇದ್ದರು, ಎಲೆ ಅಡಿಕೆ ಕೊಡುತ್ತಿದ್ದರು, ಜ್ವರ ಬಂದಾಗ ಗಂಜಿ ತಂದುಕೊಟ್ಟರು. ದಿನಾ ಹೇಳಿಬಿಡಬೇಕೆಂದುಕೊಳ್ಳುತ್ತಿದ್ದೆ. ದಿನಾ ಒಂದು ನೆಪ ಇರುತ್ತಿತ್ತು. ಒಂದು ವರ್ಷದೊಳಗೆ ಊರೂರಿಗೆ ಟಾಕಿ ಬಂದು ಕಂಪೆನಿ ಮುಚ್ಚಿತು. ಅವರು ಸತ್ತೇಗಾಲಕ್ಕೆ ಹೋದರು. ನಾನು ಯಳಂದೂರಿನ ಸುತ್ತ ಹಳ್ಳಿ ಹುಡುಗರಿಗೆ ನಾಟಕ ಕಲಿಸುವ ಮೇಷ್ಟ್ರಾದೆ. ಸತ್ತೇಗಾಲದ ಮೇಲೆ ಬಸ್ಸಿನಲ್ಲಿ ಹೋಗುವಾಗಲೆಲ್ಲ, ಮುಂದಿನ ಸಲ ಇಳಿಯೋಣ ಎಂದುಕೊಳ್ಳುತ್ತಿದ್ದೆ. ಎಂಟು ವರ್ಷ ಹೀಗೇ ಆಯಿತು.

ಗಣಾರಾಧನೆಯ ದಿನ ಇಳಿದೆ. ಮನೆಯ ಮುಂದೆ ಚಪ್ಪರ ಹಾಕಿದ್ದರು. ಅಂಗಳದ ಮೂಲೆಯಲ್ಲಿ ಅವರ ಹೆಂಡತಿ ಕೂತಿದ್ದರು. ಕಂಪೆನಿ ಬಿಟ್ಟ ಮೇಲೆ, ವಯಸ್ಸು ಮೀರಿದ ಮೇಲೆ, ಅಣ್ಣನ ಬಲವಂತಕ್ಕೆ ಆದ ಮದುವೆ. ಆ ತಾಯಿ ನನ್ನನ್ನು ಹಿಂದೆ ನೋಡಿರಲಿಲ್ಲ. ನಾಟಕದ ಕಂಪೆನಿಯಲ್ಲಿ ಜೊತೆಗಿದ್ದವನು ಎಂದೆ. ಅವರ ಮುಖ ಅರಳಿತು. ಚಾಪೆ ಎಳೆದು ಕೂರಿಸಿದರು.

"ಕಂಪ್ನಿ ಮಾತು ಬಾಳ ಆಡೋರು ಕಣಣ್ಣ. ಆದ್ರೆ ನಾ ಬಂದ್ಮೇಲೆ ಒಂದ್ ಗೆರೆ ಎಳ್ದಿದ್ ಕಾಣ್ನಿಲ್ಲ. ಸಂದೆ ಆದ್ರೆ ಒಳೆ ದಂಡೆ ಮ್ಯಾಲೆ ಕುಂತ್ಕಂಡು ಬೆಟ್ಟ ನೋಡೋರು, ಕಣ್ಣ ಇಂಗೆ ಅರ್ದ ಮುಚ್ಕಂಡು. ಅಷ್ಟ್ ಆಸೆ ಇದ್ರೆ ಬರೀಬಾರ್ದಾ ಅಂದ್ರೆ, ಎಲ್ಲಿ ತಪ್ತು ಅಂತ ಮೊದ್ಲು ಗೊತ್ತಾಗ್ಲಿ ಕಣೆ, ಅನ್ನೋರು."

"ಏನು ತಪ್ಪಿತ್ತಂತೆ?" ಎಂದೆ.

"ಯಾವ್ದೋ ಕಾಡ್ನ ಪರದೆ ಬರ್ದಿದ್ರಂತೆ. ದೂರ ಬಂದಿರ್ನಿಲ್ವಂತೆ. ನಂಗೇನ್ ಗೊತ್ತಾಯ್ತದಣ್ಣ ಅದೆಲ್ಲ? ಅಂಗಂತ ಯಾರೇಳಿದ್ರು ಅಂದ್ರೆ, ರಾಜ ಏಳ್ದ, ಅವ್ನೊಬ್ನೇ ಪೂರ್ತಿ ನೋಡಿದ್ದೋನು, ಅವ್ನು ಏಳ್ದ್ಮೇಲೆ ಸರೀನೇ, ಅನ್ನೋರು. ಸಾಯಾ ಇಂದ್ಲ ದಿನಾನೂ ಅದೇ ಮಾತು. ಬಂದಿತ್ತು ಅಂದ್ಕಂಡಿದ್ದೆ ಕಣೆ, ಬಂದಿರ್ನಿಲ್ಲ, ಅಂದ್ರು."

ನಾನು ಚಾಪೆಯ ಅಂಚಿನ ಎಳೆ ಕೀಳುತ್ತಾ ಕೂತಿದ್ದೆ.

"ಆ ರಾಜ ಈಗ ಎಲ್ಲವ್ರೆ ಗೊತ್ತಾ ಅಣ್ಣ? ಬತ್ತಾರೇನೋ ಅಂತ ದಾರಿ ನೋಡ್ತಿವ್ನಿ. ಒಂದ್ ಮಾತು ಕೇಳ್ಬೇಕಿತ್ತು."

"ಏನು ಕೇಳ್ಬೇಕಿತ್ತವ್ವ?"

"ಪೂರ್ತಿ ತಪ್ಪಿತ್ತಾ, ಒಂಚೂರು ತಪ್ಪಿತ್ತಾ ಅಂತ. ಒಂಚೂರು ಅಂದಿದ್ರೆ ಬರಿಯೋರು ಕಣಣ್ಣ ಅವರು." ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ನೋಡಿದರು. "ನೀವು ಕಂಪ್ನೀಲಿ ಏನಾಗಿದ್ರಿ?"

ಯಾರಿಗೆ ಹೇಳಬೇಕಾಗಿತ್ತೋ ಅವರು ಹೋಗಿಬಿಟ್ಟಿದ್ದರು. ಕೇಳುವವರು ಎದುರಿಗೆ ಕೂತಿದ್ದರು. ಅಂಗಳದಲ್ಲಿ ಜನ ಊಟಕ್ಕೆ ಏಳುತ್ತಿದ್ದರು.

"ಹಾರ್ಮೋನಿಯಂ ಬಾರಿಸ್ತಿದ್ದೆ" ಎಂದೆ.

"ಅಂಗಾ" ಎಂದರು. "ಎಲೆ ಆಕವ್ರೆ, ಏಳಿ ಅಣ್ಣ, ಪ್ರಸಾದ ಮಾಡಿ." ಎದ್ದು, ಕೈತೊಳೆದು, ಪಂಕ್ತಿಯಲ್ಲಿ ಹೋಗಿ ಕೂತೆ.